ಆರ್ಡಿಸ್ ಕೊಂಡ ವೇಗದ ಬಿಲ್ಲು

ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಚರ್ಚು ಮುಗಿದ ಮೇಲೆ, ಆರ್ಡಿಸ್ ಕ್ವಾಮ್ ಓರ್ಲಿನ್ ಟ್ವೈಟನ್ ಮನೆಗೆ ಹೋಗುವುದು ಇಪ್ಪತ್ತಾರು ವರ್ಷಗಳ ವಾಡಿಕೆ. ಕೈಯಲ್ಲಿ ಹಿಂದಿನ ಚಳಿಗಾಲದ ಜಿಂಕೆ ಮಾಂಸದ ಸಾಸೇಜು ಇರಬೇಕು. ಅಡುಗೆಮನೆಯ ಮೇಜಿಗೆ ಕೂತು ಒಂದು ಲೋಟ ತೆಳ್ಳನೆಯ ಕಾಫಿ ಕುಡಿಯಬೇಕು. ಹುಲ್ಲು ಎಷ್ಟು ಕೊಯ್ಲಾಯಿತು, ಜೋಳ ಎಷ್ಟೆತ್ತರ ಬಂತು ಎಂದೆಲ್ಲ ಮಾತಾಡಬೇಕು. ಆಮೇಲೆ ಎದ್ದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಆಗಷ್ಟೇ ನೆನಪಾದವಳ ಹಾಗೆ ಕೇಳಬೇಕು: "ಈ ಸಲಾನೂ ನಿಮ್ಮ ಕಾಡಲ್ಲಿ ಕೂರಲಾ, ಓರ್ಲಿನ್?" ಅದಕ್ಕೆ ಮುದುಕ ಕಿಟಕಿಯಾಚೆ ನೋಡುತ್ತ, "ಹೂಂ, ಕೂತ್ಕೋ" ಅನ್ನಬೇಕು. ಕಾಗದವಿಲ್ಲ, ರುಜುವಿಲ್ಲ. ಕೇಳದೆ ಹೋದರೂ ತಡೆಯುವವರಿಲ್ಲ, ಆದರೆ ಕೇಳದೆ ಇನ್ನೊಬ್ಬರ ಕಾಡಿಗೆ ಕಾಲಿಟ್ಟವರನ್ನು ವಿಸ್ಕಾನ್ಸಿನ್ನಿನ ಈ ಕಣಿವೆಯಲ್ಲಿ ಯಾರೂ ಮನುಷ್ಯರೆಂದು ಎಣಿಸುವುದಿಲ್ಲ.

ಆ ವರ್ಷ ಅವಳ ಕೈಯಲ್ಲಿ ಸಾಸೇಜು ಇರಲಿಲ್ಲ. ವಿನೆಗರಿನಲ್ಲಿ ನೆನೆಸಿಟ್ಟ ಬೀಟ್‌ರೂಟಿನ ಜಾಡಿ ಇತ್ತು. ಓರ್ಲಿನ್ ಜಾಡಿಯನ್ನು ನೋಡಿದ. ಕಾಫಿ ಸುರಿದ. ಆಮೇಲೆ ಫ್ರಿಜ್ಜಿನ ಮೇಲಿಂದ ಒಂದು ಬಾಣ ತೆಗೆದು ಮೇಜಿನ ಮೇಲೆ, ಸಕ್ಕರೆ ಬಟ್ಟಲಿನ ಪಕ್ಕ ಇಟ್ಟ.

"ಇದು ನಿಂದೇ ತಾನೆ?"

ಎರಡು ಗರಿ ಕಿತ್ತಳೆ, ಒಂದು ಬಿಳಿ. ಆ ಕಣಿವೆಯಲ್ಲಿ ಬೇರೆ ಯಾರೂ ಆ ಬಣ್ಣ ಅಂಟಿಸುವುದಿಲ್ಲ. ಬಾಣದ ಅರ್ಧಭಾಗಕ್ಕೆ ನೆತ್ತರು ಕಂದಾಗಿ ಒಣಗಿತ್ತು.

"ನಂದೇ," ಎಂದಳು ಆರ್ಡಿಸ್.

"ಏಪ್ರಿಲ್‌ನಲ್ಲಿ ಸಿಕ್ತು. ಮೇಲಿನ ಒರತೆ ಹತ್ರ. ನರಿಗಳು ತಿಂದು ಬಿಟ್ಟ ಜಿಂಕೆ ಅಷ್ಟೋ ಇಷ್ಟೋ ಇತ್ತು."

"ಎರಡು ದಿನ ಹುಡುಕಿದೆ ಓರ್ಲಿನ್."

"ಗೊತ್ತು. ನಿನ್ನ ಬಿಳಿ ಕಾಗದ ಕ್ರಿಸ್‌ಮಸ್‌ವರೆಗೂ ಗಿಡದ ಮೇಲೆ ನೇತಾಡ್ತಿತ್ತು."

ಬಾಣ ತಗಲಿದ ಜಿಂಕೆ ಓಡಿದರೆ ನೆತ್ತರಿನ ಹನಿಯ ಬೆನ್ನುಹತ್ತಬೇಕು. ಹನಿ ಕಂಡಲ್ಲೆಲ್ಲ ಟಾಯ್ಲೆಟ್ ಪೇಪರಿನ ತುಂಡೊಂದನ್ನು ಕಡ್ಡಿಗೆ ಸಿಕ್ಕಿಸುತ್ತ ಹೋದರೆ, ತಿರುಗಿ ನೋಡಿದಾಗ ಅದು ಹೋದ ದಿಕ್ಕು ಕಾಣುತ್ತದೆ. ಶಿಕಾರಿಗೆ ಹೋಗುವವರ ಚೀಲದಲ್ಲಿ ಚಾಕು ಮರೆತಿರಬಹುದು, ಆ ಸುರುಳಿ ಮರೆತಿರುವುದಿಲ್ಲ. ಹಿಂದಿನ ನವೆಂಬರಿನಲ್ಲಿ ಆರ್ಡಿಸ್ ಒಂದು ಇಡೀ ಸುರುಳಿ ಖಾಲಿ ಮಾಡಿದ್ದಳು. ಹಳ್ಳದ ದಂಡೆಯಲ್ಲಿ ಹನಿ ನಿಂತುಹೋಯಿತು. ಎರಡನೆಯ ದಿನ ಚರ್ಚಿಗೂ ಹೋಗದೆ, ಮಂಡಿಯೂರಿ ಎಲೆ ಎಲೆ ಮಗುಚಿ ನೋಡಿದ್ದಳು. ಆ ಜಿಂಕೆ ಎಲ್ಲೋ ಬಿದ್ದು, ಬೇಗ ಸಾಯದೆ ಸತ್ತಿರುತ್ತದೆ ಎನ್ನುವುದು ಚಳಿಗಾಲದುದ್ದಕ್ಕೂ ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

"ನೀನು ಬಾಣ ಬಿಟ್ಟಾಗ ತಲೆ ಎತ್ತಿತ್ತಾ?" ಎಂದು ಓರ್ಲಿನ್ ಕೇಳಿದ.

"ನೆನಪಿಲ್ಲ," ಎಂದಳು ಆರ್ಡಿಸ್. ಬಹಳ ಬೇಗ ಹೇಳಿಬಿಟ್ಟಳು. "ನನ್ನ ಬಿಲ್ಲು ಹದಿನೈದು ವರ್ಷದ್ದು. ನಿಧಾನ. ಹೆದೆ ಸದ್ದು ಮೊದಲು ಹೋಯ್ತು, ಬಾಣ ಆಮೇಲೆ ಹೋಯ್ತು. ಅದು ಸದ್ದಿಗೆ ಬೆಚ್ಚಿ ಬಗ್ಗಿಬಿಡ್ತು, ಬಾಣ ಮೇಲೆ ಬಿತ್ತು."

"ಹಾಗಾ."

ಆ 'ಹಾಗಾ' ಆಕೆಗೆ ಸರಿಬರಲಿಲ್ಲ. ಆದರೂ ಎದ್ದಳು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು, ಕೇಳಿದಳು. ಎಂಬತ್ತನಾಲ್ಕು ವರ್ಷದ ಮುದುಕ ಕಿಟಕಿಯಾಚೆ ನೋಡಲಿಲ್ಲ, ಅವಳನ್ನೇ ನೋಡಿದ.

"ಬೇಡ ಅನ್ನಲ್ಲ. ಆದ್ರೆ ಒಂದು ಬಾಣ. ಮರದ ಮೇಲಿನ ಅಟ್ಟಣೆ ಹತ್ತುವಾಗ ನಿನ್ನ ಹತ್ರ ಒಂದೇ ಬಾಣ ಇರಬೇಕು, ಅದು ಹೋಯ್ತು ಅಂದ್ರೆ ಈ ವರ್ಷದ ಶಿಕಾರಿ ಮುಗೀತು. ಇನ್ನೊಂದು ಜಿಂಕೆ ನನಗೆ ಹೀಗೆ ಸಿಕ್ತು ಅಂದ್ರೆ, ಬರೋ ಆಗಸ್ಟಿಗೆ ಬೀಟ್‌ರೂಟ್ ತರ್ಬೇಡ."

ಬೇರೆ ಯಾರಾದರೂ ಹೀಗೆಂದಿದ್ದರೆ ಆರ್ಡಿಸ್ ತಿರುಗಿ ನಾಲ್ಕು ಮಾತು ಬಿಟ್ಟುಬರುತ್ತಿದ್ದಳು. ಅವಳ ಬಾಯಿ ಎಂಥದ್ದೆಂದು ಮೂವತ್ತೈದು ವರ್ಷ ಅವಳ ಸ್ಕೂಲ್ ಬಸ್ಸಿನಲ್ಲಿ ಓಡಾಡಿದ ಮಕ್ಕಳಿಗೆಲ್ಲ ಗೊತ್ತು. ಆದರೆ ಓರ್ಲಿನ್ ಬೇರೆ. ಮೂವತ್ತಮೂರರ ಹರೆಯದಲ್ಲಿ ಅವಳು ಮೊದಲ ಸಲ ಬಿಲ್ಲು ಹಿಡಿದು, ಕಾಡಿಗೆ ಅನುಮತಿ ಕೇಳುತ್ತ ಮನೆಮನೆ ತಿರುಗಿದಾಗ ಮೂರು ಕಡೆ ನಕ್ಕು, "ಗಂಡನ್ನ ಕಳಿಸಮ್ಮ, ಮಾತಾಡ್ತೀವಿ" ಅಂದಿದ್ದರು. ಗಂಡ ಮೆರಿಲ್ ಚೀಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಇಲಿಗೂ ಕಲ್ಲೆಸೆದವನಲ್ಲ. ನಾಲ್ಕನೆಯ ಮನೆ ಓರ್ಲಿನ್‌ನದು. ಅವನು ಗಂಡನ ಸುದ್ದಿಯನ್ನೇ ಎತ್ತಲಿಲ್ಲ. "ಗೇಟು ಹಾಕ್ಕೊಂಡು ಹೋಗು, ಹಸುಗಳಿವೆ" ಎಂದಷ್ಟೇ ಹೇಳಿದ. ದಿನಾ ನಲವತ್ತೆಂಟು ಮಕ್ಕಳ ಕಿರುಚಾಟದ ನಡುವೆ ಬದುಕುವ ಹೆಂಗಸಿಗೆ, ಯಾರೂ ಹೆಸರು ಹಿಡಿದು ಕೂಗದ ಜಾಗ ಭೂಮಿಯ ಮೇಲೆ ಅದೊಂದೇ. ಅದು ಕೈತಪ್ಪುವುದೆಂದರೆ ಅವಳಿಗೆ ಅರ್ಧ ಬದುಕೇ ಕೈತಪ್ಪಿದಂತೆ. ಅದಕ್ಕಿಂತ ಹೆಚ್ಚಾಗಿ, ಅವಳನ್ನು ಮೊದಲು ಶಿಕಾರಿಯವಳೆಂದು ಒಪ್ಪಿದ ಮನುಷ್ಯನ ಕಣ್ಣಲ್ಲಿ ಸಣ್ಣವಳಾಗುವುದು ಅವಳಿಂದಾಗದ ಮಾತು.

ಸರಿ, ಹಾಗಾದರೆ ಬಿಲ್ಲು ಬದಲಾಯಿಸುವುದೇ ಎಂದು ದಾರಿಯಲ್ಲೇ ತೀರ್ಮಾನ ಮಾಡಿದಳು.

ಬಿಲ್ಲಿನ ಅಂಗಡಿ ಪೇಟೆಯ ತುದಿಯಲ್ಲಿ, ಮೀನಿನ ಗಾಳ ಮಾರುವ ಕೋಣೆಯ ಹಿಂದುಗಡೆ. ಅಂಗಡಿಯ ಗೇಲೆನ್‌ಗೆ ಈಗ ನಲವತ್ತು ದಾಟಿದೆ, ಗಡ್ಡದಲ್ಲಿ ಬಿಳಿ ಕೂದಲಿದೆ. ಆದರೆ ಅವನು ಎರಡನೆಯ ತರಗತಿಯಿಂದ ಆರ್ಡಿಸ್‌ಳ ಬಸ್ಸಿನಲ್ಲಿ ಬಂದವನು. ಅವಳನ್ನು ಕಂಡರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

"ಬನ್ನಿ ಮಿಸೆಸ್ ಕ್ವಾಮ್. ಏನು ಬೇಕಿತ್ತು?"

"ವೇಗದ ಬಿಲ್ಲು ಬೇಕು. ಇರೋದ್ರಲ್ಲೆಲ್ಲ ವೇಗದ್ದು ಕೊಡು."

ಗೇಲೆನ್‌ನ ಮುಖ ಅರಳಿತು. ಗೋಡೆಯಿಂದ ಒಂದು ಕಪ್ಪು ಬಿಲ್ಲನ್ನು ಇಳಿಸಿದ. ಕಾಂಪೌಂಡ್ ಬಿಲ್ಲುಗಳೆಲ್ಲ ನೋಡಲು ಒಂದೇ ಜಾತಿ, ಎರಡು ತುದಿಗೂ ರಾಟೆ, ರಾಟೆ ಸುತ್ತಿ ಹೆದೆ. ಸೆಳೆಯುವಾಗ ಮೊದಲು ಭಾರ, ಪೂರ್ತಿ ಸೆಳೆದ ಮೇಲೆ ರಾಟೆ ಹೊರಳಿ ಭಾರವೆಲ್ಲ ಇಳಿದು ಕೈಗೆ ಹಗುರ. ಇದರ ರಾಟೆಗಳು ಮಾತ್ರ ಹಳೆಯದಕ್ಕಿಂತ ದೊಡ್ಡವು, ಮೊಟ್ಟೆಯಾಕಾರದವು. ಪೆಟ್ಟಿಗೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಸೆಕೆಂಡಿಗೆ ಮುನ್ನೂರ ನಲವತ್ತೈದು ಅಡಿ ಎಂದು ಬರೆದಿತ್ತು.

"ಜಿಂಕೆ ರೆಪ್ಪೆ ಮಿಟುಕಿಸೋದ್ರೊಳಗೆ ಬಾಣ ಆಚೆ ಕಡೆ ಇರುತ್ತೆ," ಎಂದ ಗೇಲೆನ್.

"ಹೊಗಳಿದ್ದು ಸಾಕು. ಮೀಟರಿನ ಮುಂದೆ ಬಿಟ್ಟು ನೋಡ್ತೀನಿ."

ಅಂಗಡಿಯ ಹಿಂದೆ ಬಾಣದ ವೇಗ ಅಳೆಯುವ ಮೀಟರು ಇತ್ತು. ಮೊದಲು ತನ್ನ ಹಳೆಯ ಬಿಲ್ಲಿನಿಂದ ಬಿಟ್ಟಳು. ಅದು ಐವತ್ತು ಪೌಂಡ್ ಸೆಳೆತದ್ದು. ಎರಡು ವರ್ಷದ ಹಿಂದೆ ಬಲ ಭುಜಕ್ಕೆ ಆಪರೇಷನ್ ಆದಂದಿನಿಂದ ಅದನ್ನು ಸೆಳೆಯಬೇಕಾದರೆ ಬಿಲ್ಲನ್ನು ಆಕಾಶಕ್ಕೆ ಎತ್ತಿ, ಹಲ್ಲು ಕಚ್ಚಿ, ಮೈಯೆಲ್ಲ ಕೊಸರಬೇಕಿತ್ತು. ಮೀಟರು ಇನ್ನೂರ ಹತ್ತೊಂಬತ್ತು ತೋರಿಸಿತು. ಆಮೇಲೆ ಹೊಸ ಬಿಲ್ಲನ್ನು ಅವಳ ತೋಳಿನ ಅಳತೆಗೆ ಹೊಂದಿಸಿ, ಅದೇ ಐವತ್ತು ಪೌಂಡಿಗಿಟ್ಟು, ಅದೇ ಬಾಣ ಕೊಟ್ಟ. ಇನ್ನೂರ ನಲವತ್ತೇಳು.

ಆರ್ಡಿಸ್ ಮೀಟರನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು. ಗೇಲೆನ್‌ನನ್ನು ನೋಡಿದಳು.

"ಉಳಿದ ತೊಂಬತ್ತೆಂಟು ಅಡಿ ಎಲ್ಲಿ ಹೋಯ್ತೋ?"

"ಅದು... ಪೆಟ್ಟಿಗೆ ಮೇಲಿರೋದು ಉದ್ದ ತೋಳಿನ ಗಂಡಸಿನ ಲೆಕ್ಕ, ಮಿಸೆಸ್ ಕ್ವಾಮ್. ಎಪ್ಪತ್ತು ಪೌಂಡ್, ಹುಲ್ಲಿನಷ್ಟು ಹಗುರದ ಬಾಣ."

"ಅಂದ್ರೆ ನಾನು ದುಡ್ಡು ಕೊಡೋದು ಯಾವನೋ ಉದ್ದ ತೋಳಿನವನ ವೇಗಕ್ಕೆ?"

"ಹಗುರದ ಬಾಣ ಹಾಕಿದ್ರೆ ನಿಮಗೂ ಇನ್ನೂರ ಎಪ್ಪತ್ತು ದಾಟುತ್ತೆ. ಬೇಕಾದ್ರೆ ಒಂದು ವಾರ ಮನೆಗೆ ತಗೊಂಡು ಹೋಗಿ ನೋಡಿ."

"ಮೂರನೇ ಕ್ಲಾಸಲ್ಲೂ ಹೀಗೇ ಇದ್ದೆ ನೀನು. ಇಳಿಯೋ ಸ್ಟಾಪು ಬಂದ ಮೇಲೆ ಬೂಟು ಹುಡುಕ್ತಿದ್ದೆ," ಎಂದಳು ಆರ್ಡಿಸ್. ಆದರೂ ಬಿಲ್ಲನ್ನು ತೆಗೆದುಕೊಂಡು ಹೋದಳು.

ಅದರ ಬೆಲೆ ಸಾವಿರ ಡಾಲರಿನ ಮೇಲೆ. ರಾತ್ರಿಯೂಟಕ್ಕೆ ಆಲೂಗಡ್ಡೆ ಬಡಿಸಿಕೊಳ್ಳುತ್ತ ಮೆರಿಲ್ ಕೇಳಿದ, "ಇದಕ್ಕೆ ಜಿಂಕೆ ತಾನಾಗೇ ಬಂದು ಫ್ರೀಜರಲ್ಲಿ ಮಲ್ಕೊಳ್ಳುತ್ತಾ?"

"ತಮಾಷೆ ಬೇಡ. ನಾಳೆ ನೀನು ಜಿಂಕೆ ಆಗ್ಬೇಕು."

"ಏನಾಗ್ಬೇಕು?"

ಆರ್ಡಿಸ್ ಒಂದು ವಿಷಯವನ್ನು ತಲೆಗೆ ಹಾಕಿಕೊಂಡರೆ ಅದರ ಬೇರು ಕೀಳುವ ತನಕ ಬಿಡುವವಳಲ್ಲ. ಮರುದಿನ ಕೊಟ್ಟಿಗೆಯ ಹಿಂದೆ ಮೇವು ತುಂಬುತ್ತಿದ್ದ ಕಾಂಕ್ರೀಟಿನ ಹಳೆಯ ಕಣಜದ ಗೋಡೆಯ ಮರೆಗೆ ಮೆರಿಲ್‌ನನ್ನು ನಿಲ್ಲಿಸಿದಳು. ಗುರಿಹಲಗೆ ಗೋಡೆಯ ಆಚೆ ಬದಿಗೆ, ಅವನಿಂದ ಎರಡು ಮಾರು ದೂರ. ಅವಳು ಇಪ್ಪತ್ತೆಂಟು ಗಜ ಹಿಂದೆ. ಅದು ಹೋದ ವರ್ಷ ಆ ಜಿಂಕೆ ನಿಂತಿದ್ದ ದೂರ. ಮೆರಿಲ್ ಕಣ್ಣು ಮುಚ್ಚಿರಬೇಕು. ಹೆದೆಯ ಸದ್ದು ಕೇಳಿದ ತಕ್ಷಣ ಕುಕ್ಕರಿಸಬೇಕು. ಬಾಣ ಹಲಗೆಗೆ ಬಡಿಯುವುದು ಮೊದಲೋ, ಅವನ ಮಂಡಿ ಬಗ್ಗುವುದು ಮೊದಲೋ ನೋಡೋಣವೆಂದು.

ಹಗುರದ ಬಾಣ ಹಾಕಿ ಬಿಟ್ಟಳು. ಬಿಲ್ಲು ತಗಡಿನ ಡಬ್ಬಿ ಬಿದ್ದ ಹಾಗೆ ಸದ್ದು ಮಾಡಿತು.

"ಏನಾಯ್ತು?" ಎಂದು ಕೂಗಿದಳು.

"ಮೊದಲು ಟಪ್, ಆಮೇಲೆ ಧಪ್," ಎಂದು ಗೋಡೆಯ ಹಿಂದಿನಿಂದ ಮೆರಿಲ್ ಕೂಗಿದ. "ಧಪ್ ಅನ್ನೋದ್ರೊಳಗೆ ಮಂಡಿ ಬಗ್ಗಿಸಿದ್ದೆ ಕಣೇ. ಅರವತ್ತೊಂದು ವರ್ಷದ ಮಂಡಿ ಇದು! ಜಿಂಕೆ ಬಿಡುತ್ತಾ?"

ಹಳೆಯ ಬಿಲ್ಲಿನಿಂದ ಬಿಟ್ಟಳು. ಮತ್ತೆ ಅದೇ, ಟಪ್, ಧಪ್. ಹೊಸದರಲ್ಲಿ ನಡುವಿನ ಸಂದು ಒಂದು ಕೂದಲೆಳೆ ಕಡಿಮೆ ಇತ್ತು. ಆದರೆ ಸದ್ದು ದುಪ್ಪಟ್ಟು ಜೋರಾಗಿತ್ತು. ಇಪ್ಪತ್ತು ಸಲ ಕೂತೆದ್ದ ಮೆರಿಲ್ ಕೊನೆಗೆ ಏಳಲಾಗದೆ ಗೋಡೆ ಹಿಡಿದುಕೊಂಡ. ಆ ರಾತ್ರಿ ಮಂಡಿಗೆ ಬಿಸಿನೀರಿನ ಚೀಲ ಬೇಕಾಯಿತು.

"ನನಗೊಂದು ಅರ್ಥ ಆಗ್ಲಿಲ್ಲ," ಎಂದ ಅವನು, ಚೀಲವನ್ನು ಈ ಮಂಡಿಯಿಂದ ಆ ಮಂಡಿಗೆ ಬದಲಿಸುತ್ತ. "ಸದ್ದಿನ ಜತೆ ಓಡೋ ಬಾಣ ಯಾರೂ ಮಾಡಿಲ್ಲ. ಇಪ್ಪತ್ತೈದು ವರ್ಷ ನಿನಗೆ ಇದೇ ಸದ್ದಲ್ಲಿ ಜಿಂಕೆ ಸಿಕ್ಕಿದೆ. ಹೋದ ವರ್ಷದ್ದೇ ಯಾಕೆ ಬಗ್ತು?"

"ಅದು ಚುರುಕಿನ ಜಿಂಕೆ," ಎಂದು ಆರ್ಡಿಸ್ ಮಾತು ಮುಗಿಸಿ ಪಾತ್ರೆ ತೊಳೆಯಲು ಎದ್ದಳು. ಎರಡೇ ತಟ್ಟೆ ಇದ್ದವು. ಅವನ್ನು ಬಹಳ ಹೊತ್ತು ತೊಳೆದಳು.

ವಾರದ ಕೊನೆಗೆ ಅಂಗಡಿಗೆ ಹೋದಾಗ, ಬಿಲ್ಲು ವಾಪಸ್ ಬಂತೆಂದೇ ಗೇಲೆನ್ ಮುಖ ಸಪ್ಪಗೆ ಮಾಡಿದ. ಆದರೆ ಆರ್ಡಿಸ್ ಅದನ್ನು ಮೇಜಿನ ಮೇಲಿಟ್ಟು ಕೇಳಿದಳು, "ಇದನ್ನ ನಲವತ್ತೆರಡು ಪೌಂಡಿಗೆ ಇಳಿಸಿದ್ರೆ ನನ್ನ ಬಾಣ ಎಷ್ಟು ಹೋಗುತ್ತೆ?"

ಇಳಿಸಿ ಬಿಟ್ಟು ನೋಡಿದರು. ಇನ್ನೂರ ಇಪ್ಪತ್ತನಾಲ್ಕು. ಭುಜದ ಮೇಲೆ ಎಂಟು ಪೌಂಡ್ ಕಡಿಮೆ, ಆದರೂ ಹಳೆಯ ಬಿಲ್ಲಿಗಿಂತ ಐದು ಅಡಿ ಜಾಸ್ತಿ. ಅದೂ ಅಲ್ಲದೆ ಅವಳು ಬಿಲ್ಲನ್ನು ಆಕಾಶಕ್ಕೆ ಎತ್ತಿರಲಿಲ್ಲ. ಗುರಿಗೆ ನೆಟ್ಟಗೆ ಹಿಡಿದು, ಬೀರುವಿನ ಬಾಗಿಲು ತೆಗೆದಷ್ಟು ಸಲೀಸಾಗಿ ಸೆಳೆದಿದ್ದಳು.

"ಈಗ ಇನ್ನೂ ಭಾರದ ಬಾಣ ಕೊಡು."

"ವೇಗ ಇನ್ನೂ ಇಳಿಯುತ್ತೆ!"

"ಇಳೀಲಿ. ಸದ್ದೂ ಇಳಿಯುತ್ತೆ. ಹೆದೆಗೆ ಸದ್ದು ನುಂಗೋ ಆ ರಬ್ಬರ್ ಬಾಲ ಇದಾವಲ್ಲ, ಅವನ್ನೂ ಕಟ್ಟು. ಆಮೇಲೆ ಈ ರಾಟೆ ಹೆದೆ ಇಳಿಸುವಾಗ ತೋಳು ಕಿತ್ತು ಹೋಗೋ ಹಾಗೆ ಎಳೆಯುತ್ತೆ, ಅದನ್ನೂ ಮೆತ್ತಗೆ ಮಾಡಿಕೊಡು. ಸೆಳೆದ ಹೆದೆನ ಸದ್ದಿಲ್ಲದೆ ಇಳಿಸೋಕೂ ಬರ್ಬೇಕು ನನಗೆ."

ಗೇಲೆನ್ ತಲೆ ಕೆರೆದುಕೊಂಡ. "ಮಿಸೆಸ್ ಕ್ವಾಮ್, ಎಲ್ಲರೂ ನನಗೆ ದುಡ್ಡು ಕೊಟ್ಟು ವೇಗ ಹಾಕಿಸ್ಕೊಳ್ತಾರೆ. ನೀವು ದುಡ್ಡು ಕೊಟ್ಟು ತೆಗೆಸ್ತಾ ಇದೀರಿ."

"ತೆಗೆಸ್ತಿಲ್ಲ ಮಾರಾಯ. ಚಿಲ್ಲರೆ ಮಾಡಿಸ್ಕೊಳ್ತಾ ಇದೀನಿ."

ಕೊನೆಗೆ ಆ ಬಿಲ್ಲು ಇನ್ನೂರ ಹನ್ನೆರಡಕ್ಕೆ ಬಂದು ನಿಂತಿತು. ಹಳೆಯದಕ್ಕಿಂತ ಏಳು ಅಡಿ ನಿಧಾನ. ಅಂಗಡಿಯಲ್ಲಿ ಕಾಫಿ ಹೀರುತ್ತ ಕೂತಿದ್ದ ಗಂಡಸರಿಗೆ ಚಳಿಗಾಲಕ್ಕಾಗುವಷ್ಟು ನಗೆ ಸಿಕ್ಕಿತು. ಆರ್ಡಿಸ್ ಅವರತ್ತ ತಿರುಗಿಯೂ ನೋಡದೆ ದುಡ್ಡು ಕೊಟ್ಟು ಬಂದಳು.

ಆಮೇಲಿನ ಎರಡು ತಿಂಗಳು ಅವಳು ಮಾಡಿದ ಅಭ್ಯಾಸವನ್ನು ನೋಡಿದವರು ಇನ್ನಷ್ಟು ನಕ್ಕಿರಬೇಕು. ಬೇರೆಯವರು ಸಂಜೆಗೆ ಐವತ್ತು ಬಾಣ ಬಿಡುತ್ತಾರೆ. ಆರ್ಡಿಸ್ ದಿನಕ್ಕೆ ಒಂದೇ ಬಾಣ ಬಿಡುತ್ತಿದ್ದಳು. ಮಧ್ಯಾಹ್ನದ ಬಸ್ಸು ಮುಗಿಸಿ, ಶೆಡ್ಡಿನಲ್ಲಿ ನಿಲ್ಲಿಸಿ, ಮನೆಗೆ ಬಂದು, ನವೆಂಬರಿನಲ್ಲಿ ಹಾಕುವ ದಪ್ಪ ಕೋಟನ್ನೇ ಸೆಪ್ಟೆಂಬರಿನ ಸೆಖೆಯಲ್ಲಿ ಹಾಕಿಕೊಂಡು, ಹುಲ್ಲಿನ ಅಟ್ಟದ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದಳು. ಕೆಳಗೆ ಹದಿನೈದು ಗಜ ದೂರದಲ್ಲಿ ಗುರಿಹಲಗೆ. ಒಂದು ಬಾಣ. ಚೆನ್ನಾಗಿ ಬಿದ್ದರೂ ಒಂದು, ಕೆಟ್ಟದಾಗಿ ಬಿದ್ದರೂ ಒಂದು. ಕೆಟ್ಟದಾಗಿ ಬಿದ್ದ ದಿನ ಇನ್ನೊಂದು ಬಿಡಬೇಕೆಂದು ಕೈ ಕಡಿಯುತ್ತಿತ್ತು. ಆದರೂ ಬಿಡುತ್ತಿರಲಿಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಊಟ ಮಾಡಿ, ಅದರ ಜತೆಯೇ ಮಲಗುತ್ತಿದ್ದಳು. ಅಕ್ಟೋಬರ್ ಪೂರ್ತಿ ಒಂದು ಬಾಣವೂ ಅಂಗೈಯಗಲದ ಆಚೆ ಬೀಳಲಿಲ್ಲ.

ಅಟ್ಟಣೆಯನ್ನೂ ಬದಲಾಯಿಸಿದಳು. ಓರ್ಲಿನ್‌ನ ಕಾಡಿನಲ್ಲಿ ಹತ್ತು ವರ್ಷದಿಂದ ಇದ್ದ ಜಾಗ ಬಿಟ್ಟು, ಜಿಂಕೆಗಳ ಕಾಲುದಾರಿಗೆ ಹದಿನೈದೇ ಗಜದ ಓಕ್ ಮರಕ್ಕೆ ಕಬ್ಬಿಣದ ಏಣಿ ಹೊತ್ತಳು. ಮೆರಿಲ್ ಬಂದು ಹಿಡಿದುಕೊಟ್ಟ. ಮಂಡಿ ನೋವೆಂದು ಗೊಣಗುವುದನ್ನೂ ಮರೆಯಲಿಲ್ಲ.

ನವೆಂಬರಿನ ಮೊದಲ ಶನಿವಾರ. ಸ್ಕೂಲಿಲ್ಲ, ಬಸ್ಸಿಲ್ಲ. ಗಂಡು ಜಿಂಕೆಗಳು ಹೆಣ್ಣಿನ ಬೆನ್ನುಬಿದ್ದು ಬುದ್ಧಿಗೆಟ್ಟು ಓಡಾಡುವ ವಾರ ಅದು. ಆರ್ಡಿಸ್ ಬೆಳಕು ಹರಿಯುವ ಮೊದಲೇ ಅಟ್ಟಣೆ ಏರಿ, ಸೊಂಟದ ಬೆಲ್ಟನ್ನು ಮರಕ್ಕೆ ಬಿಗಿದು ಕೂತಳು. ಬತ್ತಳಿಕೆಯಲ್ಲಿ ಒಂದೇ ಬಾಣ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಎಂಟು ಗಂಟೆಯ ಹೊತ್ತಿಗೆ, ಕೆಳಗಿನ ಹಳ್ಳದ ಕಡೆಯಿಂದ ಎಂಟು ಕವಲಿನ ಕೊಂಬಿನ ಜಿಂಕೆಯೊಂದು ಬಂತು. ಎಲೆ ತುಳಿಯುವ ಸದ್ದು ಅವಳ ಎದೆಯ ಸದ್ದಿಗಿಂತ ಸಣ್ಣದಿತ್ತು. ಅದರ ತಲೆ ಮರವೊಂದರ ಹಿಂದೆ ಮರೆಯಾದಾಗ ಅವಳು ಹೆದೆ ಸೆಳೆದಳು. ಬಿಲ್ಲು ಆಕಾಶ ನೋಡಲಿಲ್ಲ, ಭುಜ ಕೊಸರಲಿಲ್ಲ.

ಜಿಂಕೆ ಮರದ ಹಿಂದಿನಿಂದ ಹೊರಬಂತು, ಹದಿನೈದು ಗಜದಲ್ಲಿ ಪಕ್ಕೆ ಕೊಟ್ಟು ನಿಂತಿತು. ನಿಂತದ್ದೇ ತಲೆಯೆತ್ತಿ ನೇರವಾಗಿ ಮೇಲಕ್ಕೆ, ಅವಳನ್ನೇ ನೋಡಿತು.

ಆರ್ಡಿಸ್ ಸೀಟು ಎಣಿಸತೊಡಗಿದಳು. ಹೆದೆಯನ್ನು ಬಹಳ ಹೊತ್ತು ಹಿಡಿದು ಕಾಯಬೇಕಾದಾಗ ಅವಳು ಹಾಗೇ ಮಾಡುವುದು. ಪ್ರತಿದಿನ ಬಸ್ಸು ನಿಲ್ಲಿಸಿದ ಮೇಲೆ ಹಿಂದಿನವರೆಗೂ ನಡೆದು, ಯಾವುದಾದರೂ ಮಗು ನಿದ್ದೆ ಹೋಗಿ ಉಳಿದಿದೆಯೇ ಎಂದು ಒಂದೊಂದೇ ಸೀಟು ಬಗ್ಗಿ ನೋಡಬೇಕು. ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು. ಒಂದು. ಎರಡು. ಮೂರು. ಜಿಂಕೆಯ ಕಿವಿ ಎರಡೂ ಅವಳ ಕಡೆಗಿದ್ದವು. ಹತ್ತು. ಹನ್ನೊಂದು.

ಹನ್ನೊಂದನೆಯ ಸೀಟಿಗೆ ಬಂದಾಗ ಅವಳಿಗೆ ಹೋದ ವರ್ಷದ್ದೆಲ್ಲ ನಿಚ್ಚಳವಾಗಿ ಕಂಡಿತು. ಮರೆತಿದ್ದರೆ ತಾನೆ ಹೊಸದಾಗಿ ನೆನಪಾಗುವುದು? ಆ ಜಿಂಕೆಯೂ ಹೀಗೇ ತಲೆಯೆತ್ತಿ ನಿಂತಿತ್ತು. ಐವತ್ತು ಪೌಂಡಿನ ಹೆದೆ ಹಿಡಿದ ತೋಳು ಹನ್ನೊಂದನೆಯ ಸೀಟಿಗೆ ನಡುಗತೊಡಗಿತ್ತು. ಇಳಿಸಿದರೆ ಜಿಂಕೆ ಹೋಗುತ್ತದೆ, ಇನ್ನು ಹಿಡಿಯಲು ಆಗದು ಎಂದು ಬಿಟ್ಟುಬಿಟ್ಟಿದ್ದಳು. ನೋಡುತ್ತಿರುವ ಜಿಂಕೆಗೆ ಬಾಣ ಬಿಡಬಾರದೆನ್ನುವುದು ಹನ್ನೆರಡು ವರ್ಷದ ಮಕ್ಕಳಿಗೂ ಮೊದಲ ದಿನ ಕಲಿಸುವ ಪಾಠ. ಆಗಲೇ ಮಂಡಿ ಮಡಿಸಿ ನಿಂತ ಜಿಂಕೆ ಅದು, ಎಂಥ ಬಾಣಕ್ಕೂ ಬಗ್ಗಿಬಿಡುತ್ತಿತ್ತು. ತಪ್ಪು ಬಿಲ್ಲಿನದಾಗಿರಲಿಲ್ಲ. ಹಾಗೆ ಮನಸ್ಸಿನಲ್ಲಿ ಅಂದುಕೊಂಡದ್ದೇ ಅವಳ ಕಣ್ಣು ಉರಿದವು, ಆದರೆ ತೋಳು ಅಲುಗಲಿಲ್ಲ.

ಹದಿನೆಂಟು. ಹತ್ತೊಂಬತ್ತು. ಕೆನ್ನೆಗೆ ತಾಗಿದ ಹೆದೆ ತಣ್ಣಗಿತ್ತು. ಜಿಂಕೆ ಮುಂಗಾಲೆತ್ತಿ ನೆಲಕ್ಕೆ ಒದೆಯಿತು. ಇಪ್ಪತ್ತನಾಲ್ಕು. ಬಸ್ಸು ಖಾಲಿಯಾಯಿತು. ತಲೆ ಇನ್ನೂ ಎತ್ತಿಯೇ ಇತ್ತು. ಆರ್ಡಿಸ್ ಹೆದೆಯನ್ನು ಇಂಚಿಂಚಾಗಿ, ಮಲಗಿದ ಮಗುವನ್ನು ಕೆಳಗಿಳಿಸುವ ಹಾಗೆ, ಇಳಿಸಿದಳು. ಜಿಂಕೆ ಒಮ್ಮೆ ಜೋರಾಗಿ ಉಸಿರು ಬಿಟ್ಟು, ಬಿಳಿಬಾಲ ಎತ್ತಿಕೊಂಡು ಹೊರಟುಹೋಯಿತು.

ಅವಳು ಮರದಿಂದಿಳಿದು ನೇರವಾಗಿ ಓರ್ಲಿನ್‌ನ ಅಡುಗೆಮನೆಗೆ ಹೋದಳು. ಬೂಟು ಕೂಡ ಬಿಚ್ಚಲಿಲ್ಲ. ಮುದುಕ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ಅವಳು ತನ್ನ ಬಾಣವನ್ನು ಮೇಜಿನ ಮೇಲಿಟ್ಟಳು. ಸ್ವಚ್ಛವಾದ, ಬಿಡದ ಬಾಣ.

"ಹೋದ ವರ್ಷದ್ದು ತಲೆ ಎತ್ತಿತ್ತು," ಎಂದಳು. "ನನ್ನನ್ನೇ ನೋಡ್ತಿತ್ತು. ಕೈ ನಡುಗ್ತು, ಬಿಟ್ಟುಬಿಟ್ಟೆ. ನಿಮಗೆ ಸುಳ್ಳು ಹೇಳಿದೆ."

ಓರ್ಲಿನ್ ಬೆಣ್ಣೆ ಹಚ್ಚುವುದನ್ನು ಮುಗಿಸಿದ. ಚಾಕುವನ್ನು ತಟ್ಟೆಯ ಅಂಚಿಗೆ ಒರೆಸಿದ.

"ಗೊತ್ತಿತ್ತು. ಬಾಣ ಬೆನ್ನುಮೂಳೆ ಕೆಳಗೇ ಸಿಕ್ಕಿಕೊಂಡಿತ್ತು. ಮೇಯೋ ಜಿಂಕೆಗೆ ಅಷ್ಟು ಮೇಲೆ ಬೀಳಲ್ಲ."

"ಗೊತ್ತಿದ್ದೂ ಯಾಕೆ ಕೇಳಿದ್ರಿ?"

"ನಿನಗೆ ಗೊತ್ತಿದೆಯಾ ಅಂತ ನೋಡೋಕೆ." ಅವನು ಬ್ರೆಡ್ಡಿನ ತಟ್ಟೆಯನ್ನು ಅವಳತ್ತ ತಳ್ಳಿದ. "ನಾಳೆಯಿಂದ ಬೇಕಾದಷ್ಟು ಬಾಣ ತಗೊಂಡು ಹೋಗು. ಆ ಮಾತು ಆಯ್ತು."

"ಬೇಡ," ಎಂದಳು ಆರ್ಡಿಸ್. "ಒಂದೇ ಇರ್ಲಿ."

"ಹಟಮಾರಿ."

"ನಿಮ್ಮಿಂದಲೇ ಕಲಿತಿದ್ದು."

ಅವಳು ಕೂತು ಆ ಬ್ರೆಡ್ಡನ್ನು ತಿಂದಳು. ಆಗಸ್ಟಿನಿಂದ ಆ ಮನೆಯಲ್ಲಿ ಅವಳ ಗಂಟಲಿಗೆ ಸಲೀಸಾಗಿ ಇಳಿದ ಮೊದಲ ತುತ್ತು ಅದು.

ಮುಂದಿನ ಶನಿವಾರ ಏನೂ ಬರಲಿಲ್ಲ. ಅದರ ಮರುದಿನ ಭಾನುವಾರ, ಅವಳು ಮೆರಿಲ್‌ನೊಬ್ಬನನ್ನೇ ಚರ್ಚಿಗೆ ಕಳಿಸಿದಳು. ಪಾದ್ರಿ ಕೇಳಿದರೆ ಆರ್ಡಿಸ್‌ಗೆ ಹುಷಾರಿಲ್ಲವೆಂದು ಹೇಳುತ್ತೇನೆಂದ ಮೆರಿಲ್. "ಸುಳ್ಳು ಹೇಳ್ಬೇಡ. ಅಟ್ಟಣೆ ಮೇಲೆ ಕೂತಿದಾಳೆ ಅಂತ ಹೇಳು," ಎಂದಳು ಅವಳು.

ಮಧ್ಯಾಹ್ನ ಮೂರರ ಹೊತ್ತಿಗೆ ಟ್ವೈಟನ್ ಅಂಗಳದಲ್ಲಿ ಆರ್ಡಿಸ್‌ಳ ಪಿಕಪ್ ಬಂದು ನಿಂತಿತು. ಓರ್ಲಿನ್ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದ. ಹಿಂದೆ ಗಾಡಿಯಲ್ಲಿ ಕೊಬ್ಬಿದ ಹೆಣ್ಣು ಜಿಂಕೆ ಮಲಗಿತ್ತು. ಎರಡು ಪಕ್ಕೆಗಳ ಮೂಲಕ ನೇರವಾಗಿ ಹಾದುಹೋದ ಬಾಣದ ಗುರುತು ಸರಿಯಾದ ಜಾಗದಲ್ಲಿತ್ತು. ನಲವತ್ತು ಹೆಜ್ಜೆಯಲ್ಲಿ, ಅವಳ ಕಣ್ಣೆದುರಿಗೇ ಬಿದ್ದಿತ್ತಂತೆ. ಮುಂದಿನ ಸೀಟಿನ ಮೇಲೆ ಟಾಯ್ಲೆಟ್ ಪೇಪರಿನ ಸುರುಳಿ ಹೊದಿಕೆ ಕೂಡ ಬಿಚ್ಚದೆ ಹಾಗೇ ಇತ್ತು.

ಮುದುಕ ಜಿಂಕೆಯನ್ನು ನೋಡಲಿಲ್ಲ. ಅವಳ ಹೆಗಲಲ್ಲಿದ್ದ ಆ ಕಪ್ಪು ಬಿಲ್ಲನ್ನು, ಪೇಟೆಯವರೆಲ್ಲ ನಕ್ಕ ಆ ನಿಧಾನದ ಬಿಲ್ಲನ್ನು, ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ವಾಪಸ್ ಕೊಟ್ಟ.

"ತಲೆ ಎತ್ತಿತ್ತಾ?" ಎಂದು ಕೇಳಿದ.

"ಮೊದಲು ಎತ್ತಿತ್ತು," ಎಂದಳು ಆರ್ಡಿಸ್. "ಇಪ್ಪತ್ತೊಂದನೇ ಸೀಟಿಗೆ ತಲೆ ತಗ್ಗಿಸಿ ಮೇಯೋಕೆ ಶುರು ಮಾಡ್ತು."